ಕಂಠ ತೋರಿಸಲು ಬಂದ ಚಿಕ್ಕವ್ವ

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನಂಜನಗೂಡಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಮಾಡುವವಳು. ಗರ್ಭಕಂಠ ಎಂಬ ಪದ ನನಗೆ ಸಿಕ್ಕಿದ್ದೇ ಮೊಬೈಲಿನ ಒಂದು ವಿಡಿಯೋದಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರನ್ನು ಅದು ಕ್ಯಾನ್ಸರ್ ಆಗುವ ಮುಂಚೆಯೇ ಹಿಡಿಯಬಹುದು ಎಂದು ಅದರಲ್ಲಿ ಹೇಳಿದರು. ಆಗುವ ಮುಂಚೆಯೇ! ಕೈಯಲ್ಲಿದ್ದ ಅನ್ನ ಒಣಗಿದ್ದೇ ಗೊತ್ತಾಗಲಿಲ್ಲ. ಅವತ್ತಿನಿಂದ ಸಿಕ್ಕಿದ್ದೆಲ್ಲ ಓದಿದೆ, ಕಂಡವರನ್ನೆಲ್ಲ ಕೇಳಿದೆ. ಮೂವತ್ತು ದಾಟಿದ ಹೆಂಗಸರಿಗೆ ಇಲ್ಲೇ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಾರೆ ಎಂದು ತಿಳಿದ ಕೂಡಲೇ ನಾನು ಫೋನ್ ಮಾಡಿದ್ದು ಚಿಕ್ಕವ್ವನಿಗೆ.

ಚಿಕ್ಕವ್ವ ಎಂದರೆ ನನ್ನ ಅಮ್ಮನ ತಂಗಿ. ತಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆಹುಳ ಸಾಕುತ್ತಾಳೆ. ನಲವತ್ತು ದಾಟಿದೆ, ಕಾಯಿಲೆ ಎಂದು ಒಂದು ದಿನ ಮಲಗಿದವಳಲ್ಲ.

"ಚಿಕ್ಕವ್ವ, ಗುರುವಾರ ಬಾ. ಗರ್ಭಕಂಠದ ಪರೀಕ್ಷೆ ಮಾಡಿಸ್ತೀನಿ."

ಅವಳು ಹಿಪ್ಪುನೇರಳೆ ತೋಟದಲ್ಲಿದ್ದಳು. ಸಿಗ್ನಲ್ ಸರಿ ಇರಲಿಲ್ಲ.

"ಕಂಠವಾ? ನಾನೇ ಯೋಳ್ಬೇಕು ಅಂತಿದ್ದೆ ಕಣ್ ಕೂಸೇ, ನಿಂಗೆಂಗ್ ಗೊತ್ತಾಯ್ತು? ಬತ್ತೀನಿ ಬುಡು!"

ಈ ಪರೀಕ್ಷೆ ಎಂದರೆ ಹೆಂಗಸರು ನಾಚಿ ದೂರ ಓಡುತ್ತಾರೆ ಎಂದು ಎಲ್ಲರೂ ಹೇಳಿದ್ದರು. ನಮ್ಮ ಚಿಕ್ಕವ್ವ ನೋಡಿ, ಒಂದೇ ಮಾತಿಗೆ ಒಪ್ಪಿದಳು! ನಾನು ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ.

ಗುರುವಾರ ನರ್ಸ್ ಅವಳನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಒಳಗಿನ ಮಾತು ಕೇಳಿಸಿತು.

"ಮಲಗಮ್ಮ, ಮಂಡಿ ಮಡಚಿ."

"ಯಾಕವ್ವ ಮಲಗದು? ಕೂತ್ಕಂಡೇ ಬಾಯ್ ತೆಗೀತೀನಿ. ಆ..."

"ಅಯ್ಯೋ ಅಮ್ಮಾ, ಆ ಬಾಯಲ್ಲ!"

ಚಿಕ್ಕವ್ವ ಪರದೆ ಸರಿಸಿಕೊಂಡು ಆಚೆಗೇ ಬಂದಳು. "ಏನೇ ಕೂಸೇ, ಕಂಠ ಅಂದೆ, ಇವ್ರು ಸೀರೆ ಮ್ಯಾಕೆತ್ತು ಅಂತಾವ್ರೆ!"

ಆಗ ನನಗೆ ಅರ್ಥವಾಯಿತು. ಅವಳು ಎಲೆಅಡಿಕೆ ಜೊತೆ ಕಡ್ಡಿಪುಡಿ ತಂಬಾಕು ಹಾಕುವವಳು, ಗಂಟಲು ಕಟ್ಟಿ ವಾರವಾಗಿತ್ತು. ಗಂಟಲು ತೋರಿಸಲು ಬಂದಿದ್ದಾಳೆ! ಕಂಠ ಅಂದರೆ ಕತ್ತು, ಗರ್ಭಕೋಶಕ್ಕೂ ಒಂದು ಕತ್ತಿದೆ ಎಂದು ನಾನು ತೊದಲುತ್ತಾ ವಿವರಿಸಿದೆ.

"ಅದ್ಕೂ ಕಂಠವಾ? ಅದೇನ್ ಆಡ್ ಯೋಳ್ತದಾ?"

ನರ್ಸ್ ಗೋಡೆ ಹಿಡಿದುಕೊಂಡು ನಕ್ಕರು. "ಬಂದಿದ್ದು ಬಂದಿದೀಯ, ಎರಡೂ ತೋರಿಸ್ಕೊಂಡು ಹೋಗಮ್ಮ," ಎಂದರು. ಚಿಕ್ಕವ್ವನೂ ನಕ್ಕು ಒಳಗೆ ಹೋದಳು.

ಗಂಟಲಿಗೆ ಏನೂ ಆಗಿರಲಿಲ್ಲ. ಕಡ್ಡಿಪುಡಿ ಬಿಡು ಎಂದಷ್ಟೇ ಒಳಗಿದ್ದ ಡಾಕ್ಟರಮ್ಮ ಬೈದರು. ಆದರೆ ಆಮೇಲೆ ನನ್ನನ್ನೂ ಒಳಗೆ ಕರೆದರು.

"ವಿನೆಗರ್ ಥರದ್ದು ಸವರಿ ಸ್ವಲ್ಪ ಹೊತ್ತು ನೋಡ್ತೀವಿ. ಅನುಮಾನದ ಜಾಗ ಇದ್ದರೆ ಬೆಳ್ಳಗಾಗುತ್ತೆ. ಇವರಿಗೆ ಒಂದು ಕಡೆ ಬೆಳ್ಳಗಾಗಿದೆ. ಕ್ಯಾನ್ಸರ್ ಅಂತಲ್ಲ. ಆದರೆ ಮೈಸೂರಿನಲ್ಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಬೇಕು."

ನಾನು ಓದಿದ್ದೆಲ್ಲ ಆ ಕ್ಷಣ ಮರೆತುಹೋಯಿತು. ಬಾಯಿ ಬಿಟ್ಟಿದ್ದು ಚಿಕ್ಕವ್ವ.

"ಸುಣ್ಣಕಟ್ಟು ಬಂದಂಗಾ ಡಾಕ್ಟ್ರಮ್ಮ?"

ಸುಣ್ಣಕಟ್ಟು ರೇಷ್ಮೆಹುಳದ ರೋಗ. ಬಂದ ಹುಳ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದುಕೊಳ್ಳುತ್ತದೆ.

"ತಟ್ಟೇಲಿ ಒಂದ್ ಉಳ ಬೆಳ್ಳಗ್ ಕಂಡ್ರೆ ಆಗ್ಲೇ ಎತ್ತಾಕ್ಬೇಕು. ನಾಳೆ ನೋಡವಾ ಅಂದ್ರೆ ಬೆಳೆನೇ ಓಯ್ತದೆ."

"ಅದೇ ಅಮ್ಮ, ಅದೇ!" ಎಂದು ಡಾಕ್ಟರಮ್ಮ ಮೇಜು ತಟ್ಟಿದರು.

ಮೈಸೂರಿನ ಫಲಿತಾಂಶ ಬಂತು. ಕ್ಯಾನ್ಸರ್ ಅಲ್ಲ, ಅದಕ್ಕೂ ಮುಂಚಿನದು. ಬಿಟ್ಟರೆ ಮುಂದೆ ಆಗಬಹುದು. ಬಿಸಿ ತಂತಿಯಿಂದ ಆ ಜಾಗವನ್ನಷ್ಟೇ ತೆಗೆಯುತ್ತಾರೆ, ಸಂಜೆಗೆ ಮನೆಗೆ ಬರಬಹುದು. ದಿನವನ್ನೂ ಕೊಟ್ಟರು. ನಾನು ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ: ಸಿಕ್ಕಿತು, ಮುಂಚೆಯೇ ಸಿಕ್ಕಿತು!

ಆ ದಿನದ ಹಿಂದಿನ ಸಂಜೆ ಚಿಕ್ಕವ್ವನ ಫೋನ್ ಬಂತು. "ನಾಳಿಕ್ ಬರಕಿಲ್ಲ ಕಣ್ ಕೂಸೇ. ಉಳ ಅಣ್ಣಾಗವೆ."

ಹಣ್ಣಾದ ಹುಳ ಕಾಯುವುದಿಲ್ಲ. ಆರಿಸಿ ಆರಿಸಿ ಚಂದ್ರಿಕೆ ಎಂಬ ಬಿದಿರ ತಟ್ಟಿಗೆ ಬಿಡಬೇಕು, ಅಲ್ಲಿ ಗೂಡು ಕಟ್ಟುತ್ತವೆ. ತಡವಾದರೆ ಸೊಪ್ಪಿನ ಮೇಲೇ ನೂಲು ಸುರಿದು ಹಾಳು ಮಾಡುತ್ತವೆ. ಬೆಳಗ್ಗೆ ಮೊದಲ ಬಸ್ಸಿಗೇ ಹೋದೆ. ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದರು.

"ಅವ್ಳಿಗ್ ನೋವಾ, ಗೀವಾ? ಈ ಬೆಳೆ ಮುಗುದ್ಮೇಲ್ ಓದ್ರಾಯ್ತು."

"ಚಿಕ್ಕಪ್ಪ, ಸುಣ್ಣಕಟ್ಟು ಕಂಡ ಹುಳಾನ ನೀವು ಮುಂದಿನ ಬೆಳೆವರೆಗೂ ತಟ್ಟೇಲೇ ಬಿಡ್ತೀರಾ?"

ಚಿಕ್ಕವ್ವ ಕೈಯಲ್ಲಿದ್ದ ಹುಳಗಳನ್ನು ಚಂದ್ರಿಕೆಗೆ ಬಿಟ್ಟು, ಕೈ ಒರೆಸಿಕೊಳ್ಳುತ್ತಾ ಚಿಕ್ಕಪ್ಪನನ್ನೇ ನೋಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ ಕೂಗಿದಳು: "ಓಗ್ ಬಾರೇ, ಉಳ ನಾವ್ ಬುಡ್ತೀವಿ. ಮುಯ್ಯಾಳು ಅನ್ಕೊ."

ಮುಯ್ಯಾಳು ಎಂದರೆ ಕೂಲಿ ಇಲ್ಲದ ಕೆಲಸ. ಇವತ್ತು ನಾನು ನಿನ್ನ ಮನೆಯಲ್ಲಿ ದುಡಿದರೆ ನಾಳೆ ನೀನು ನನ್ನ ಮನೆಯಲ್ಲಿ. ಅವಳ ಹಿಂದೆ ಇನ್ನೂ ಮೂರು ಮನೆಯವರು ಬಂದರು. "ಬಸ್ ಬತ್ತದೆ, ನಡಿಯೇ," ಎಂದು ಚಿಕ್ಕಪ್ಪನೇ ಚಪ್ಪಲಿ ತಂದಿಟ್ಟರು.

ಮೈಸೂರಿನಲ್ಲಿ ಚಿಕ್ಕವ್ವ ಒಳಗೆ ಹೋದಳು, ನಾನು ನೆಟ್ಟಗೆ ಕೂರುವಷ್ಟರಲ್ಲಿ ಆಚೆ ಬಂದಳು ಅನ್ನಿಸಿತು. "ಮುಗೀತಾ? ಇಷ್ಟಕ್ಕಾ ನಾನ್ ರಾತ್ರಿಯೆಲ್ಲ ನಿದ್ದೆ ಗೆಟ್ಟಿದ್ದು?" ಎಂದಳು. ತೆಗೆದಿದ್ದನ್ನು ಪರೀಕ್ಷೆಗೆ ಕಳಿಸಿದರು. ಪೂರ್ತಿ ಬಂದಿದೆ, ಒಳಗೆ ಏನೂ ಉಳಿದಿಲ್ಲ ಎಂದು ಆಮೇಲೆ ತಿಳಿಯಿತು. ತಪ್ಪದೆ ಬಂದು ತೋರಿಸಿಕೊಳ್ಳುತ್ತಿರಬೇಕು, ಅಷ್ಟೇ. ಆ ಸುದ್ದಿ ಫೋನಿನಲ್ಲಿ ಹೇಳಿದಾಗ ಅವಳು ಅತ್ತಳು, ನಾನೂ ಅತ್ತೆ, ಅಂಗಡಿಗೆ ಬಂದಿದ್ದ ಗಿರಾಕಿ ಗಾಬರಿಯಾದರು.

ಮುಂದಿನ ಬೆಳೆಯಲ್ಲಿ ಪಕ್ಕದ ಮನೆಯವಳು ಮುಯ್ಯಾಳು ಕೇಳಲು ಬಂದಳಂತೆ.

"ಉಳ ಬುಡಕ್ಕೂ ಬತ್ತೀನಿ," ಎಂದಳಂತೆ ಚಿಕ್ಕವ್ವ. "ಮೊದ್ಲು ನೀವ್ ನಾಕೂ ಜನ ಆಸ್ಪತ್ರೆಗ್ ಬನ್ನಿ. ಬರ್ನಿಲ್ವಾ, ನಾನೂ ಬರಕಿಲ್ಲ."

ಮೊನ್ನೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಿದ್ದೆ. ಐದು ಜನವೂ ಇಳಿದರು! ಪಕ್ಕದ ಮನೆಯವಳು ಆಸ್ಪತ್ರೆಯ ಗೇಟಿನಲ್ಲಿ ನಿಂತೇಬಿಟ್ಟಳು.

"ನೋಯ್ತದಾ?"

"ನೋಡ್ರೇ ಇವ್ಳ," ಎಂದು ಚಿಕ್ಕವ್ವ ಅವಳ ರಟ್ಟೆ ಹಿಡಿದಳು. "ಮೂರ್ ಮಕ್ಳ ಎತ್ತವ್ಳೆ, ಒಂದ್ ನಿಮ್ಸಕ್ಕೆ ಎದ್ರುಕತಾಳಂತೆ! ನಡಿ ಮುಂದಕೆ."