ದಾಲ್, ಚಿನ್ನಿ

ಹನುಮಂತರಾಜು ಅಹಂಕಾರದ ಮನುಷ್ಯ. ಯಾರನ್ನೂ ಏನನ್ನೂ ಕೇಳುವುದಿಲ್ಲ. ತನಗೆ ತಿಳಿಯದ್ದೂ ಲೋಕದಲ್ಲಿ ಇರಬಹುದೆಂಬ ಅನುಮಾನ ಅರವತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಅವನ ಹತ್ತಿರ ಸುಳಿದಿಲ್ಲ. ಇಂಥವನಿಗಿಂತ ಕುಡುಕನ ಜೊತೆ ಸಂಸಾರ ಮಾಡುವುದು ಸಲೀಸು, ಕುಡುಕನಿಗೆ ಬೆಳಿಗ್ಗೆಯಾದರೂ ಇಳಿಯುತ್ತದೆ ಎಂಬುದು ಹೆಂಡತಿ ಮಂಜುಳಮ್ಮನ ಅಭಿಪ್ರಾಯ.

ಅವನು ಗುಬ್ಬಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದ. ಒಮ್ಮೆ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿಗೆ ಬರಲು ಬೋರ್ಡು ನೋಡದೆ ಬಸ್ಸು ಹತ್ತಿದ. ಕಂಡಕ್ಟರು, "ಸಾರ್, ಇದು ಕುಣಿಗಲ್ ಗಾಡಿ" ಎಂದ. "ಗೊತ್ತು, ಒಂದು ಕುಣಿಗಲ್ ಕೊಡಿ" ಎಂದು ಟಿಕೆಟ್ ತೆಗೆದುಕೊಂಡು, ಅಲ್ಲಿರುವ ಮಗಳು ಅಕ್ಷತಾಳ ಮನೆಯಲ್ಲಿ ಕಾಫಿ ಕುಡಿದು ರಾತ್ರಿ ಗುಬ್ಬಿಗೆ ಬಂದ. ಗೂಳೂರಿನಲ್ಲಿ ನೆಂಟರ ಮದುವೆಗೆಂದು ಹೋಗಿ ಪಕ್ಕದ ಛತ್ರದಲ್ಲಿ ಉಂಡು, ಗುರುತಿಲ್ಲದ ಮದುಮಕ್ಕಳಿಗೆ ಸ್ಟೀಲ್ ಡಬರಿ ಉಡುಗೊರೆ ಕೊಟ್ಟು, "ಊಟ ಚೆನ್ನಾಗಿತ್ತು ಕಣೇ" ಎಂದ. ನೆಂಟರು ಇವತ್ತಿಗೂ ಮುಖ ಊದಿಸಿಕೊಂಡಿದ್ದಾರೆ.

ಇಷ್ಟನ್ನೆಲ್ಲ ಮಂಜುಳಮ್ಮ ನುಂಗಿಕೊಂಡಿದ್ದಳು. ಅಕ್ಷತಾಳ ಸೀಮಂತದ ಬೆಳಿಗ್ಗೆ ಆದದ್ದನ್ನು ನುಂಗುವಂತಿರಲಿಲ್ಲ.

ಎರಡು ಬಸಿರು ನಿಲ್ಲದೆ ಹೋಗಿ ಇದು ಮೂರನೆಯದು, ಏಳು ತಿಂಗಳು. ತವರಿಗೆ ಬಂದಿದ್ದ ಅಕ್ಷತಾ ಬಿಸಿಬೇಳೆಬಾತಿನ ಪುಡಿಗೆ ಬೇಕಾದ್ದನ್ನು ಫೋನಿಗೆ ಬಾಯಲ್ಲಿ ಹೇಳಿ, ಅದು ಬರೆದುಕೊಂಡ ಪಟ್ಟಿಯನ್ನು ಅಪ್ಪನಿಗೆ ಕಳಿಸಿದ್ದಳು. ಅವನು ಸಾಮಾನು ಕೊಂಡವನೇ ಮನೆಯಲ್ಲಿ ಯಾರಿಗೂ ತೋರಿಸದೆ ಮಿಲ್ಲಿನಲ್ಲಿ ಪುಡಿ ಮಾಡಿಸಿಕೊಂಡು ಬಂದಿದ್ದ. ಉಪಕಾರ ಮಾಡಿದೆನೆಂದು ಅವನ ಲೆಕ್ಕ.

ಬೆಳಿಗ್ಗೆ ದೊಡ್ಡ ಪಾತ್ರೆಯ ತುಂಬ ಬಾತು ಇಳಿಯಿತು. ಅಕ್ಷತಾ ಆಸೆಪಟ್ಟು ಎರಡು ತುತ್ತು ತಿಂದು ತಟ್ಟೆ ಕೆಳಗಿಟ್ಟಳು.

"ಅಮ್ಮಾ, ಏನೋ ಕಹಿ ಕಹಿ."

ಮಂಜುಳಮ್ಮ ಮೆಂತ್ಯ ಜಾಸ್ತಿಯಾಯಿತೇನೋ ಎಂದು ಡಬ್ಬಗಳನ್ನು ತಡಕಿದಳು. ಸಿಕ್ಕಿದ್ದು ಬಿಚ್ಚದ ಒಂದು ಪೊಟ್ಟಣ ತೊಗರಿಬೇಳೆ.

"ರೀ, ಮನೇಲಿ ಮೂರು ಕೇಜಿ ಬೇಳೆ ಇರುವಾಗ ಇದ್ಯಾಕ್ ತಂದ್ರಿ?"

"ಲಿಸ್ಟಲ್ಲಿ ಇತ್ತಲ್ಲ, ದಾಲ್ ಅಂತ. ಬಾತಿಗೆ ಅಂತ ಮಿಲ್ಲಿಗೆ ಹಾಕ್ಲಿಲ್ಲ."

"ದಾಲಾ? ನಮ್ಮನೇಲಿ ಯಾವತ್ತು ಬೇಳೆಗೆ ದಾಲ್ ಅಂದಿದೀವಿ?"

ಅವನು ಫೋನು ಹಿಡಿದ. ಒಂದು ಸಾಲಿನಲ್ಲಿ ದಾಲ್. ಕೆಳಗಿನ ಸಾಲಿನಲ್ಲಿ ಚಿನ್ನಿ. ದಾಲ್ಚಿನ್ನಿಯನ್ನು ಫೋನು ಎರಡು ತುಂಡು ಮಾಡಿತ್ತು.

"ಅಯ್ಯೋ, ಚಕ್ಕೆ ಕಣ್ರೀ ಅದು! ಮತ್ತೆ ಚಿನ್ನಿ ಅಂತ ಏನ್ ತಂದ್ರಿ?"

"ಚಿನ್ನಿ ಅಂತ ಚಿನ್ನೀನೇ ತಂದೆ. ಗ್ರಂಧಿಗೆ ಅಂಗಡೀಲಿ ಕೊಟ್ಟ."

ಮಂಜುಳಮ್ಮ ಔಷಧಿಯ ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿಯ ಅಡವಿಯಪ್ಪನಿಗೆ ಫೋನು ಮಾಡಿದಳು.

"ನಾನು ಕೇಳ್ದೆ ಕಣಮ್ಮ," ಎಂದು ಅವನು ಗೋಳಾಡಿದ. "ಯಾವ ಚಿನ್ನಿ ಮೇಷ್ಟ್ರೇ, ರೇವಾಚಿನ್ನೀನಾ ಅಂತ. ಅದೇ ಕಣಯ್ಯ, ಕೊಡು ಅಂದ್ರು. ಮಿಲ್ಲಿಗೆ ಹಾಕ್ತಾರೆ ಅಂತ ನಂಗೇನ್ ಗೊತ್ತು? ಭೇದಿ ಬೇರು ಕಣಮ್ಮ ಅದು! ಹೊಟ್ಟೆ ಕಟ್ಟಿದ್ರೆ ಒಂಚೂರು ತೇದು ನೆಕ್ಕೋದು. ಬಸುರೀರಿಗೆ ನಾನು ಕೊಡೋದೇ ಇಲ್ಲ."

ಹನುಮಂತರಾಜು ಪಾಠ ಶುರುಮಾಡಿದ. "ರೇವಾಚಿನ್ನಿ ಅಂದ್ರೆ ವಿಷಾನೇನೇ? ನಮ್ಮಜ್ಜಿ ತೇದು ನೆಕ್ಕಿಸ್ತಿದ್ಲು. ದಾಲ್ಚಿನ್ನಿ, ರೇವಾಚಿನ್ನಿ ಎರಡೂ ಚೀನಾದಿಂದ ಬಂದಿದ್ದು, ಅದಕ್ಕೇ ಎರಡಕ್ಕೂ ಚಿನ್ನಿ ಅಂತ ಹೆಸರು. ಫಾರಿನ್ನೋರು ರೂಬಾರ್ಬ್ ಅಂತ ಸಕ್ಕರೆ ಹಾಕ್ಕೊಂಡು ತಿಂತಾರೆ."

ಅಕ್ಷತಾ ಫೋನಿನಲ್ಲಿ ಓದುತ್ತಿದ್ದಳು. "ಅವರು ತಿನ್ನೋದು ದಂಟು ಅಪ್ಪಾ. ಎಲೆ ವಿಷ ಅಂತೆ. ನಾವು ಹಾಕಿರೋದು ಬೇರು."

"ಪಟ್ಟಿ ಮಾಡಿದ್ದು ನೀನು. ಎರಡು ಸಾಲಲ್ಲಿದೆ, ನೋಡ್ಕೋ."

"ಮುಚ್ರೀ ಬಾಯಿ!" ಎಂದಳು ಮಂಜುಳಮ್ಮ. ಮೂವತ್ತಾರು ವರ್ಷದಲ್ಲಿ ಆ ಮಾತು ಮೊದಲ ಸಲ ಆಡಿದ್ದು.

ಡಾಕ್ಟರಮ್ಮ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. ಎರಡು ತುತ್ತಿಗೆ ಗಾಬರಿ ಬೇಡ, ಇನ್ನು ತಿನ್ನುವುದು ಬೇಡ, ಹೊಟ್ಟೆ ಹಿಂಡಿದರೆ ಒಂದು ನಿಮಿಷವೂ ಕಾಯದೆ ಕರೆದುಕೊಂಡು ಬನ್ನಿ ಎಂದರು. ಅಕ್ಷತಾ ಒಳಗೆ ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಕುಣಿಗಲ್‌ನಿಂದ ಬೀಗರು ಬರುವುದಕ್ಕೆ ಎರಡು ಗಂಟೆ ಬಾಕಿ. ಮಂಜುಳಮ್ಮ ಚಿತ್ರಾನ್ನಕ್ಕೆಂದು ಅಕ್ಕಿ ತೊಳೆದಿಟ್ಟಳು. ಬಾತು ಸುರಿಯಲು ಹಿತ್ತಲಲ್ಲಿ ಗುಂಡಿ ತೋಡಿ ಒಳಗೆ ಬಂದರೆ ಗಂಡ ಪಾತ್ರೆಯ ಮುಂದೆ ನಿಂತಿದ್ದ.

"ಅವಳು ತಿಂದು ಎಷ್ಟು ಹೊತ್ತಾಯ್ತು?"

ಮಂಜುಳಮ್ಮ ತಿರುಗಿ ನೋಡಿದಳು. "ಮುಕ್ಕಾಲು ಗಂಟೆ. ಯಾಕೆ?"

ಅವನು ತಟ್ಟೆಗೆ ನಾಲ್ಕು ಸೌಟು ಬಡಿಸಿಕೊಂಡು, ನಿಂತಲ್ಲೇ, ಉಪ್ಪಿನಕಾಯಿಯೂ ಇಲ್ಲದೆ ಗಬಗಬನೆ ತಿನ್ನತೊಡಗಿದ.

"ಏನ್ರೀ ಇದು? ಈಗ್ಲೂ ಹಟಾನಾ? ಏನೂ ಆಗಲ್ಲ ಅಂತ ತೋರಿಸ್ಬೇಕಾ?"

"ಗೊತ್ತಿಲ್ಲ ಕಣೇ," ಎಂದ ಹನುಮಂತರಾಜು. "ಏನಾಗುತ್ತೆ ಅಂತ ನಂಗೆ ಗೊತ್ತಿಲ್ಲ. ಆಗೋದಾದ್ರೆ ಇಷ್ಟು ತಿಂದೋನಿಗೆ ಮೊದ್ಲು ಗೊತ್ತಾಗುತ್ತೆ. ಆಟೋಗೆ ಹೇಳಿಟ್ಟಿರು."

ತಟ್ಟೆ ತೊಳೆದಿಟ್ಟು, ಗಡಿಯಾರ ನೋಡಿ, ಕುರ್ಚಿಯನ್ನು ಸದ್ದಾಗದಂತೆ ಎತ್ತಿಕೊಂಡು ಹೋಗಿ ಮಗಳ ಕೋಣೆಯ ಬಾಗಿಲಿಗೆ ಹಾಕಿಕೊಂಡು ಕೂತ.