ಚೀಟಿ ಇಲ್ಲದ ಏಳನೆಯ ಬಾಟಲಿ

ತ್ರಿಪ್ಲಿಕೇನಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಆಸಿಡ್ ಶುದ್ಧ ಮಾಡುತ್ತಿದ್ದೆ. ನೀರು ಪರೀಕ್ಷಿಸುವ ಪುಟ್ಟ ಲ್ಯಾಬುಗಳಿಗೆ ಬೇಕಾದ, ಲೋಹದ ಸುಳಿವೂ ಇರದ ಆಸಿಡ್. ಅಲ್ಲೇ ನೀರನ್ನೂ ಭಟ್ಟಿ ಇಳಿಸುತ್ತಿದ್ದೆ. ಎರಡೂ ಕಣ್ಣಿಗೆ ಒಂದೇ. ಬಾಟಲಿಯೂ ಒಂದೇ ಬಗೆಯದು. ಗುರುತಿಗೆ ಇದ್ದದ್ದು ನಾನು ಅಂಟಿಸಿದ ಚೀಟಿ ಮಾತ್ರ. ಅದೆಂಥ ಹುಚ್ಚು ಧೈರ್ಯವೋ!

ಅಮ್ಮ ಕಟ್ಟಾ ಮಡಿಯವಳು. ಟ್ಯಾಂಕರ್ ಲಾರಿಯಲ್ಲಿ ಬರುವ ನೀರು ಅವಳಿಗೆ ಆಗದು. ಏಕಾದಶಿಯಿಡೀ ತೊಟ್ಟು ನೀರೂ ಮುಟ್ಟದೆ, ದ್ವಾದಶಿ ಬೆಳಗ್ಗೆ ಪಾರಣೆಗೆ ನನ್ನ ಭಟ್ಟಿ ನೀರನ್ನೇ ಕುಡಿಯುತ್ತಿದ್ದಳು. ಅಭ್ಯಾಸ ಮಾಡಿಸಿದವನು ನಾನೇ. "ಇದಕ್ಕಿಂತ ಮಡಿ ನೀರು ಮದ್ರಾಸಲ್ಲೇ ಇಲ್ಲಮ್ಮ" ಎಂದು ಬೀಗಿದ್ದೆ.

ಆ ವರ್ಷ ಆಯುಧಪೂಜೆಗೆ ನಾನು ಊರಲ್ಲಿರಲಿಲ್ಲ. ಏಕಾದಶಿ ಬೆಳಗ್ಗೆ ಎಗ್ಮೋರಿನಲ್ಲಿ ರೈಲಿಳಿದು ಮನೆಗೆ ಬಂದು ಕೋಣೆಯ ಬಾಗಿಲು ತೆಗೆದೆ. ಬಾಟಲಿಗಳೆಲ್ಲ ಫಳಫಳ. ಮೇಲೆ ಗಂಧ, ಕುಂಕುಮ. ಚೀಟಿ ಮಾತ್ರ ಒಂದರ ಮೇಲೂ ಇಲ್ಲ. ಎಣಿಸಿದೆ. ಆರು. ಏಳಿರಬೇಕಿತ್ತು.

ದೇವರಮನೆಯ ಬಾಗಿಲಿಗೆ ಓಡಿದೆ.

"ಅಮ್ಮಾ, ಚೀಟಿ ಎಲ್ಲಿ?"

"ಗೋಂದಿನ ಕೊಳೆ ಕಣೋ. ನೆನೆಹಾಕಿ ಉಜ್ಜಿ ತೆಗೆದೆ. ಪೂಜೆಗೆ ಚುಮ್ಮಾ ಹಾಗೇ ಇಡಕ್ಕಾಗತ್ತಾ?"

"ಇನ್ನೊಂದು ಬಾಟಲಿ?"

"ನಾಳೆ ಪಾರಣೆಗೆ ಎತ್ತಿಟ್ಟಿದೀನಿ, ದೇವರ ಮುಂದೆ. ಹತ್ರ ಬರ್ಬೇಡ, ಮಡಿ!"

ಕೊರೊನಾ ಬಂದು ಹೋದಮೇಲೆ ಅಮ್ಮನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ. ನಾನು ನುಗ್ಗಿ ಬಾಟಲಿ ಕಿತ್ತುಕೊಂಡೆ.

"ಅಯ್ಯೋ ಪಾಪಿ, ಮುಟ್ಟಿಬಿಟ್ಯಲ್ಲೋ!"

ಮುಚ್ಚಳ ತೆಗೆದು ನೀಲಿ ಲಿಟ್ಮಸ್ ಕಾಗದದ ತುದಿ ಅದ್ದಿದೆ. ಅದು ಕೆಂಪಗಾಯಿತು.

"ಇದು ಆಸಿಡ್ಡಮ್ಮ! ಗಂಟಲೇ ಸುಟ್ಟುಹೋಗ್ತಿತ್ತು!" ಎಂದು ಅರಚಿದೆ. ಸಿಟ್ಟೆಲ್ಲ ನನ್ನ ಮೇಲೆಯೇ. ಅಮ್ಮ ಆ ಕಾಗದವನ್ನೇ ನೋಡುತ್ತ ಕೂತಳು.

ದ್ವಾದಶಿ ಬೆಳಗ್ಗೆ ಅಡುಗೆಮನೆಯ ನೀರನ್ನೇ ಕುದಿಸಿ, ಆರಿಸಿ, ಬೆಳ್ಳಿ ಲೋಟದಲ್ಲಿ ಕೊಟ್ಟೆ. ತುಟಿಯ ಹತ್ತಿರ ಒಯ್ದವಳು ಕೆಳಗಿಳಿಸಿದಳು. ಯಾರದೇ ಎಂಜಲು ಸೋಕಿದರೂ ಮತ್ತೆ ಸ್ನಾನ ಮಾಡುವ ಹೆಂಗಸು ನಮ್ಮಮ್ಮ.

"ಮೊದ್ಲು ನೀನು ಕುಡಿ" ಅಂದಳು.

ಎರಡು ಗುಟುಕು ಕುಡಿದೆ. ಅಮ್ಮ ನನ್ನ ಗಂಟಲನ್ನೇ ನೋಡಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಅದೇ ಲೋಟ ತೆಗೆದುಕೊಂಡು ಉಳಿದದ್ದನ್ನು ಕುಡಿದಳು.