ನಮ್ಮವರು ಕೌದಿಗೆ ಉಣಿಸಿದ್ದು

ನನ್ನ ಗಂಡನ ಹೆಸರು ಅಮರಗುಂಡಪ್ಪ. ಬದುಕಿದ್ದಾಗ ಆ ಹೆಸರನ್ನು ನಾನು ಬಾಯಲ್ಲಿ ಆಡಲಿಲ್ಲ. ಈಗ ಬರೆಯುತ್ತೇನೆ. ಹೋದ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡರು. ದೊಡ್ಡ ಮನುಷ್ಯರೇನಲ್ಲ. ಮುಕ್ಕುಂದದಲ್ಲಿ ಹುಟ್ಟಿದರು, ಅಲ್ಲೇ ಒಕ್ಕಲುತನ ಮಾಡಿದರು, ಅಲ್ಲೇ ಹೋದರು. ಆದರೆ ಅವರ ಹಾಗೆ ಕೌದಿ ಹೊಲಿಯುವ ಗಂಡಸನ್ನು ನಾನು ಎಲ್ಲೂ ಕಾಣಲಿಲ್ಲ. ಅದನ್ನು ಹೇಳಬೇಕು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ ಜೋಳದ ಚೀಲ ಹೇರಿದ ಬಂಡಿ ಅವರ ಕಾಲ ಮೇಲೆ ಹಾಯಿತು. ನಾಟಿ ವೈದ್ಯರು ಎಲುಬು ಕೂಡಿಸಿದರು. ಸೊಟ್ಟಗೆ ಕೂಡಿತು. ನೇಗಿಲ ಹಿಂದೆ ನಡೆಯಲು ಆಗಲಿಲ್ಲ. ಹೊಲವನ್ನು ಪಾಲಿಗೆ ಹಾಕಿದೆವು. ಅವರು ಪಡಸಾಲೆಯಲ್ಲಿ ಕೂತರು. ಕೂತವರು ಮಾತು ಬಿಟ್ಟರು. ಉಣ್ಣಲು ಕರೆದರೆ ಬರುವರು, ಉಂಡು ಮತ್ತೆ ಅಲ್ಲೇ ಕೂರುವರು.

ಪಕ್ಕದ ಮನೆ ದಾವಲ್‌ಬೀಯದು. ವಯಸ್ಸಾದ ಹೆಂಗಸು. ಚಳಿಗಾಲ ಹತ್ತಿರ ಬಂದರೆ ಊರಿನವರು ಹಳೆಯ ಸೀರೆ, ಧೋತರ ತಂದು ಅವಳ ಮುಂದೆ ಹಾಕುತ್ತಿದ್ದರು. ಅವಳು ಅವನ್ನು ಒಂದರ ಮೇಲೊಂದು ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ ಕೌದಿ ಮಾಡಿಕೊಡುತ್ತಿದ್ದಳು. ಹೊದೆಯಲೂ ಬರುತ್ತದೆ, ಹಾಸಲೂ ಬರುತ್ತದೆ. ಒಂದು ದಿನ ನಮ್ಮ ಪಡಸಾಲೆಯಲ್ಲಿ ಬಿಸಿಲು ಚೆನ್ನಾಗಿದೆ ಎಂದು ಅರಿವೆ ಗಂಟು ಹೊತ್ತು ಬಂದು ಕೂತಳು.

"ಲೇ ಅಮರ್ಯಾ, ನಿನ್ನ ಕಾಲು ಹೋಗೇತಿ. ಕೈಗೇನಾಗೇತಿ?" ಎಂದಳು.

"ಏನೂ ಆಗಿಲ್ಲ ಚಿಗವ್ವ."

"ಮತ್ತ ಈ ಸೂಜಿಗೆ ದಾರ ಪೋಣಿಸು. ನನಗ ಕಾಣವಲ್ದು."

ಪೋಣಿಸಿಕೊಟ್ಟರು. ಮರುದಿನ ಅವಳ ಕೌದಿಯಲ್ಲಿ ಒಂದು ಸಾಲು ಹೊಲಿದರು. ಆಮೇಲೆ ಅವಳು ಶುರು ಮಾಡಿದ್ದನ್ನೆಲ್ಲ ಇವರು ಮುಗಿಸತೊಡಗಿದರು. ಚಳಿಗಾಲ ಕಳೆಯುವುದರೊಳಗೆ ಇವರ ಹೊಲಿಗೆ ಅವಳ ಹೊಲಿಗೆಗಿಂತ ಸಣ್ಣದಾಯಿತು.

ಊರು ನಕ್ಕಿತು. ಬಾವಿಗೆ ಹೋದರೆ ಹೆಂಗಸರು ಬಿಡುತ್ತಿರಲಿಲ್ಲ.

"ಏನವಾ, ನಿನ್ನ ಗಂಡ ಕೌದಿ ಹೊಲಿಯಾಕತ್ತಾನಂತ. ನೀ ಇನ್ನ ನೇಗಿಲಾ ಹೊಡಿತೀಯೇನು?"

"ಹೂಂ, ನಾಳಿಂದ ಹೊಡಿತೀನಿ. ನಿಮ್ಮ ಎತ್ತು ಕಳಸ್ರಿ," ಎಂದೆ.

ನಮ್ಮವರು ಮತ್ತೆ ಮಾತಾಡತೊಡಗಿದ್ದರು. ಹೊಲಿಯುತ್ತ ದಾವಲ್‌ಬೀಯ ಜೊತೆ ಜಗಳವಾಡುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಅವರಿಗೆ ಒಬ್ಬಳೇ ಅಕ್ಕ, ಜಂಬಮ್ಮ. ಸಣ್ಣವಳಿದ್ದಾಗಲೇ ಮಸ್ಕಿಗೆ ಮದುವೆ ಮಾಡಿದ್ದರು. ತಾಯಿ ಸತ್ತ ಮೇಲೆ, ಗಂಡನ ಮನೆಗೆ ಹೋಗುವ ತನಕ, ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಮಗೆ ಮಕ್ಕಳಾಗಲಿಲ್ಲ. ಜಂಬಮ್ಮನ ಮಗಳು ಸಂಗಮ್ಮನನ್ನೇ ಇವರು ನನ್ನ ಮಗಳು ಎನ್ನುತ್ತಿದ್ದರು. ಅವಳನ್ನು ಲಿಂಗಸುಗೂರಿಗೆ ಕೊಟ್ಟಿತ್ತು. ಬಸಿರಾಗಿದ್ದಾಳೆ, ಹೆರಿಗೆ ಮಸ್ಕಿಯಲ್ಲಿ ಎಂದು ಸುದ್ದಿ ಬಂದ ದಿನ ಇವರು ಪೆಟ್ಟಿಗೆಯಿಂದ ತಮ್ಮ ತಾಯಿಯ ಇಳಕಲ್ಲ ಸೀರೆ ತೆಗೆದರು. ಕೂಸಿನ ಕೌದಿ ಹಾಸಿದರು. ಮೇಲೆ ಆ ಸೀರೆ, ಸುತ್ತ ನನ್ನ ಹಸಿರು ಕುಪ್ಪಸದ ಅಂಚು, ಒಳಗೆ ತೊಳೆದು ತೊಳೆದು ಮೆತ್ತಗಾದ ತಮ್ಮ ಧೋತರ. ಅದರಲ್ಲಿ ದಾವಲ್‌ಬೀಗೆ ಒಂದು ಹೊಲಿಗೆಯನ್ನೂ ಹಾಕಗೊಡಲಿಲ್ಲ.

ಜಂಬಮ್ಮ ಒಲ್ಲೆ ಎಂದಳು. ಸಿಂಧನೂರು ಸಂತೆಯಿಂದ ಬಂದವರ ಬಾಯಲ್ಲಿ ಆ ಮಾತು ಬಂತು. ಗಂಡಸು ಹೊಲಿದ ಕೌದಿ ಮೇಲೆ ಕೂಸನ್ನು ಹಾಕಿದರೆ ಲಿಂಗಸುಗೂರಿನ ಬೀಗರು ನಗುತ್ತಾರೆ, ಬೇಡವೆಂದು ಹೇಳಿರಿ ಎಂದಿದ್ದಳಂತೆ. ಇವರು ಕೇಳಿಸಿಕೊಂಡರು. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದರು. ಆದರೆ ಹೊಲಿಯುವುದನ್ನು ಬಿಡಲಿಲ್ಲ.

ಆ ವರ್ಷ ಎಳ್ಳಮಾಸಿಗೆ ಜಂಬಮ್ಮ ತವರಿಗೆ ಬಂದಳು. ಮಗಳಿಗೆ ಇನ್ನೂ ದಿನ ಇದ್ದವು. ನಮ್ಮಲ್ಲಿ ಚಳಿಗಾಲದ ಹಬ್ಬವೆಂದರೆ ಎಳ್ಳಮಾಸಿ. ಆಗ ಕಾಲುವೆ ಇನ್ನೂ ಅಗೆಯುತ್ತಿದ್ದರು, ನಮ್ಮ ಕಡೆ ಭತ್ತ ಬಂದಿರಲಿಲ್ಲ, ಕಣ್ಣು ಹಾಯಿಸಿದಷ್ಟೂ ಜೋಳವೇ. ಅಮಾವಾಸ್ಯೆಯ ದಿನ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಯ ಪಾಲೆಂದು ಒಂದಿಷ್ಟು ಅಡುಗೆಯನ್ನು ಬೆಳೆಯಲ್ಲಿ ಚರಗ ಚೆಲ್ಲಿ ಉಣ್ಣುತ್ತೇವೆ. ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ ಎಲ್ಲ ಇರುತ್ತದೆ. ಆದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ. ಮುಂಚೆಯೇ ಸುಟ್ಟು, ಮುರಿದರೆ ಕಟಕ್ ಎನ್ನುವ ಹಾಗೆ ಒಣಗಿಸಿ ಬುಟ್ಟಿಯಲ್ಲಿ ಒಟ್ಟುತ್ತೇವೆ. ಅಡುಗೆ ಮನೆ ಬೆಚ್ಚಗಿರುತ್ತದೆ, ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ.

ಹಬ್ಬದ ಹಿಂದಿನ ದಿನ ಕೌದಿ ಮುಗಿಯಿತು. ಒಂದು ಮೂಲೆ ಮಾತ್ರ ತೆರೆದಿತ್ತು. ಅದನ್ನು ಬೇಕೆಂದೇ ಬಿಡುತ್ತಾರೆ. ನಮ್ಮ ಕಡೆ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಆ ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಉಣಿಸಿ ಮುಚ್ಚಬೇಕು. ರೊಟ್ಟಿ ಹೊಲಿದವರೇ ಸುಟ್ಟದ್ದಾಗಬೇಕು. ಕಡೆಯ ಹೊಲಿಗೆ ಮಾತ್ರ ಒಯ್ಯುವವರದು. ಅದನ್ನು ಹಾಕಿದರೆಂದರೆ ಕೌದಿ ಅವರದಾಯಿತು, ಮತ್ತೆ ಒಲ್ಲೆ ಎನ್ನುವ ಹಾಗಿಲ್ಲ.

ಆವರೆಗೆ ರೊಟ್ಟಿಯ ಕೆಲಸವನ್ನು ದಾವಲ್‌ಬೀಯೇ ಮಾಡಿದ್ದಳು, ಕೌದಿ ಶುರು ಮಾಡಿದವಳು ಅವಳು ಎಂದು. ಇದಕ್ಕೆ ಮಾಡಲಿಲ್ಲ.

"ನೀ ಹೊಲಿದಿ, ನೀನ ಸುಡಪ್ಪ," ಎಂದು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ನಾ ಸುಡ್ತೀನಿ ಬಿಡ್ರಿ, ಯಾರು ನೋಡ್ತಾರ?" ಎಂದೆ.

"ಕೌದಿ ನೋಡತೈತಿ," ಎಂದರು. ಸೊಟ್ಟ ಕಾಲು ಚಾಚಿ ಒಲೆಯ ಮುಂದೆ ಕೂತರು.

ಜಂಬಮ್ಮ ಆ ಕಡೆ ಕೂತು ಎಳ್ಳು ಆರಿಸುತ್ತಿದ್ದಳು. ಕೌದಿಯ ಮಾತೆತ್ತಲಿಲ್ಲ. ತಮ್ಮನು ಸಜ್ಜೆ ಹಿಟ್ಟಿಗೆ ತಣ್ಣೀರು ಸುರಿದಾಗ ಮಾತ್ರ ತಡೆಯಲಾಗಲಿಲ್ಲ.

"ಬಿಸಿನೀರು ಹಾಕೋ! ಸಜ್ಜಿ ತಣ್ಣೀರಿಗೆ ಬಗ್ಗತೈತೇನು?"

ಹಿಟ್ಟು ಮತ್ತೆ ನಾದಿದರು. ತಟ್ಟಿದರು. ಅಂಚು ಬಿರಿಯಿತು. ಬಿರಿದಲ್ಲಿ ಇನ್ನಷ್ಟು ಹಿಟ್ಟು ಮೆತ್ತಿದರು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಎಳ್ಳು ರೊಟ್ಟಿಗಿಂತ ಮೀಸೆಗೆ ಹೆಚ್ಚು ಹತ್ತಿತ್ತು.

"ಇದು ರೊಟ್ಟಿಯೋ, ಯಾವ್ದಾರ ಊರಿನ ನಕ್ಷಾನೋ?" ಎಂದಳು ಜಂಬಮ್ಮ.

"ಮಸ್ಕಿದು. ಇಲ್ನೋಡು, ನಿಮ್ಮ ಗುಡ್ಡ."

ಅವಳು ತಲೆ ಬಗ್ಗಿಸಿ ಎಳ್ಳಿನಲ್ಲಿ ಇಲ್ಲದ ಕಲ್ಲು ಹುಡುಕಿದಳು. ಭುಜ ಅಲುಗುತ್ತಿತ್ತು.

ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಇವರು ಅದನ್ನು ಆರಿಸಿ, ಕುಂಟುತ್ತ ಪಡಸಾಲೆಗೆ ಒಯ್ದು, ಕೌದಿಯ ಮೂಲೆಯೊಳಗೆ ಇಟ್ಟರು. ಇಟ್ಟು ಬಂದು ಕರೆದರು. ನಾವೆಲ್ಲ ಹೋಗಿ ನೋಡಿದರೆ ಕೌದಿಯ ಮೂಲೆ ಉಬ್ಬಿ ನಿಂತಿದೆ. ಇಡೀ ರೊಟ್ಟಿ ಒಳಗೆ ಹಾಕಿದ್ದರು. ಚೂರು ಸಾಕೆಂದು ಯಾರೂ ಹೇಳಿರಲಿಲ್ಲ. ಮೊದಲಿನ ಕೌದಿಗಳಿಗೆ ದಾವಲ್‌ಬೀ ತನ್ನ ಮನೆಯಲ್ಲಿ ಉಣಿಸುತ್ತಿದ್ದಳು, ಇವರು ನೋಡಿಯೇ ಇರಲಿಲ್ಲ.

"ಯಾ ಅಲ್ಲಾ, ಕೌದಿ ಬಸಿರಾಗೇತಿ!" ಎಂದಳು ದಾವಲ್‌ಬೀ.

"ಹಸಿವಿರಬಾರದು ಅಂದ್ಯಲ್ಲ ಚಿಗವ್ವ. ಕೂಸಿನ ಕೌದಿ. ಹೊಟ್ಟಿತುಂಬ ಉಣ್ಲಿ ಅಂತ ಹಾಕೀನಿ."

ಜಂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಕೈ ಚಾಚಿದಳು.

"ಕೊಡು ಇತ್ತಾಗ, ದಡ್ಡ. ಇಲಿ ಬಂದು ಅರಿವಿ ಎಲ್ಲಾ ಕಡೀತಾವ."

ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ರೊಟ್ಟಿ ಹೊರಗೆ ತೆಗೆದಳು. ಉಗುರಿನಷ್ಟು ಮುರಿದು ಒಳಗಿಟ್ಟಳು. ಇನ್ನೊಂದು ಚೂರು ತಾನು ತಿಂದಳು. "ಎಳ್ಳು ಸೀದೈತಿ," ಎಂದಳು. ರೊಟ್ಟಿ ಪುಡಿ ಝಾಡಿಸಲು ಮೂಲೆಯನ್ನು ಬಿಡಿಸಿ ಹಿಡಿದಾಗ ಮೇಲಿನ ಸೀರೆಯ ಅಂಚು ಹತ್ತಿರದಿಂದ ಕಂಡಿತು. ಬೆರಳು ಅಲ್ಲೇ ನಿಂತಿತು.

"ಇದು ಅವ್ವಂದಲ್ಲೇನೋ?"

"ಹೂಂ. ನಿನ್ನ ಮದಿವ್ಯಾಗ ಉಟ್ಟಿದ್ಲಂತ, ನೀನಽ ಹೇಳ್ತಿದ್ದಿ."

ಮೂಲೆಗೆ ಸೂಜಿ ಚುಚ್ಚಿಟ್ಟಿತ್ತು. ದಾರ ಪೋಣಿಸಿಯೇ ಇತ್ತು. ಇವರು ಅಕ್ಕನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದರು.

"ಬೀಗರು ಕೇಳಿದ್ರ ಏನಂತ ಹೇಳ್ಲಿ?"

"ದಾವಲ್‌ಬೀ ಹೊಲಿದ್ಲು ಅಂತ ಹೇಳು," ಎಂದರು ಇವರು.

"ಸುಳ್ಳ್ಯಾಕ ಹೇಳ್ಲಿ?" ಎಂದು ಜಂಬಮ್ಮ ಸೂಜಿ ತೆಗೆದುಕೊಂಡಳು. ಮೂಲೆ ಮುಚ್ಚಿದಳು. ಹೊಲಿಗೆ ದೊಡ್ಡ ದೊಡ್ಡದು. ಹಲ್ಲಿನಿಂದ ದಾರ ಕಡಿದಳು. "ನಿನ್ನಷ್ಟು ಸಣ್ಣ ನನಗ ಬರೂದಿಲ್ಲ, ನಗಬ್ಯಾಡ ಮತ್ತ."

ಇವರು ನಗಲಿಲ್ಲ. ಎದ್ದು ಹೊರಗೆ ಹೋಗಿ ದನದ ಕೊಟ್ಟಿಗೆಯ ಹತ್ತಿರ ಸುಮ್ಮನೆ ನಿಂತರು. ನಾನು ಕರೆಯಲಿಲ್ಲ.

ಸಂಗಮ್ಮನಿಗೆ ಹೆಣ್ಣು ಕೂಸಾಯಿತು. ತೊಟ್ಟಿಲಿಗೆ ಹಾಕುವ ದಿನ ನಾವಿಬ್ಬರೂ ಸಿಂಧನೂರಿಗೆ ಬಂಡಿಯಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಮಸ್ಕಿಗೆ ಹೋದೆವು. ಲಿಂಗಸುಗೂರಿನ ಬೀಗರು ಬಂದಿದ್ದರು. ಕೂಸು ಕೌದಿಯ ಮೇಲೆ ಮಲಗಿತ್ತು. ಬೀಗತಿ ಕೌದಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಯಾರು ಹೊಲಿದ್ರವ್ವ ಇದನ್ನ? ಇರುವಿ ಸಾಲು ಹೊಂಟಂಗೈತಿ."

"ನನ್ನ ತಮ್ಮ," ಎಂದಳು ಜಂಬಮ್ಮ.

"ತಮ್ಮನ ಹೇಣ್ತಿನಾ?"

"ತಮ್ಮ ಅಂದೆ. ಅಲ್ಲಿ ಕಂಬಕ್ಕ ಆತು ಕುಂತಾನ ನೋಡ್ರಿ. ನಿಮಗೂ ಬೇಕಂದ್ರ ಈಗಽ ಹೇಳ್ರಿ, ಬರೋ ಚಳಿಗೆ ಸಿಗತೈತಿ."

ಮನೆ ತುಂಬ ಜನ. ಎಲ್ಲರೂ ತಿರುಗಿ ನೋಡಿದರು. ಒಬ್ಬಿಬ್ಬರು ನಕ್ಕರು. ಬೀಗತಿ ನಗಲಿಲ್ಲ. ತನಗೊಂದು ಬೇಕು, ಮೊಣಕಾಲು ಹಿಡಿಯುತ್ತವೆ, ಸ್ವಲ್ಪ ದಪ್ಪ ಇರಲಿ ಎಂದಳು. ಇವರು ತಲೆ ಮೇಲೆತ್ತಿ, ಅರಿವೆ ನೀವೇ ಕಳಿಸಬೇಕು ಎಂದರು. ಅಂದು ಹೋಳಿಗೆ ಎರಡು ಸಲ ಹಾಕಿಸಿಕೊಂಡರು.

ಬರುವಾಗ ಬಸ್ಸಿನಲ್ಲಿ ಹೇಳಿದರು, "ಬೀಗತಿದು ಆಮ್ಯಾಲ. ಮೊದಲು ನಿನಗೊಂದು."

"ನನಗ್ಯಾಕ್ರಿ? ಕಂಬಳಿ ಐತಲ್ಲ."

"ಕಂಬಳಿ ಚುಚ್ಚತೈತಿ ಅಂತಿದ್ದಿ."

ಹೊಲಿದುಕೊಟ್ಟರು. ಇಬ್ಬರಿಗೂ ಆಗುವಷ್ಟು ಅಗಲ. ಈಗ ಮತ್ತೆ ಚಳಿ ಬಿದ್ದಿದೆ. ಮಡಚಿ ಎರಡು ಪದರು ಮಾಡಿ ಹೊದೆಯುತ್ತೇನೆ. ಬೆಚ್ಚಗಿರುತ್ತದೆ.